ಮೇಲೆ ಸ್ನೋ, ಕೆಳಗೆ ಹೊಳೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಒಂದಷ್ಟು ಕನ್ನಡ ಗೆಳೆಯರು ಸೇರಿದ್ದಾಗ ಆಡಿದ ಮಾತುಗಳು ಇವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ದಾರಿ ತಪ್ಪಿದ ಮಾತುಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ನನ್ನ ಮಾತು ಇಟ್ಟಿದ್ದಾರೆ. ಒಳಗಿಂದ ಒಗ್ಗರಣೆ ವಾಸನೆ ಬರುತ್ತಿದೆ. ನಿಮ್ಮ ಗಮನ ಎಲ್ಲಿದೆ ಅಂತ ನನಗೂ ಗೊತ್ತು.

ಮೊದಲೇ ಹೇಳಿಬಿಡುತ್ತೇನೆ, ನಾನು ಹವಾಮಾನ ತಜ್ಞ ಅಲ್ಲ. ನಿಮ್ಮಲ್ಲಿ ಬಹಳ ಜನರ ಹಾಗೆ ವಾರವಿಡೀ ಕಂಪ್ಯೂಟರ್ ಮುಂದೆ ಕೂರುವವನು. ಚಳಿಗಾಲದಲ್ಲಿ ಸ್ಕೀ ಮಾಡುತ್ತೇನೆ, ಬೇಸಿಗೆಯಲ್ಲಿ ರ‍್ಯಾಫ್ಟ್ ಇಳಿಸುತ್ತೇನೆ. ಎರಡರಲ್ಲೂ ಸಾಕಷ್ಟು ಸಲ ಬಿದ್ದಿದ್ದೇನೆ. ಆ ಅನುಭವ ಇದೆ ಅಂತಲೇ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ ಅಂದುಕೊಂಡಿದ್ದೇನೆ.

ಜನವರಿ ಬಂತು ಅಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ. "ಈ ಶನಿವಾರ ಟಾಹೋದಲ್ಲಿ ಎಷ್ಟು ಸ್ನೋ ಬೀಳುತ್ತೆ?" ಟಾಹೋ ಅಂದರೆ ಸಿಯೆರಾ ಬೆಟ್ಟಗಳ ನಡುವಿನ ದೊಡ್ಡ ಸರೋವರ, ಸುತ್ತ ಸ್ಕೀ ಜಾಗಗಳು. ಮೇ ತಿಂಗಳಲ್ಲಿ ಅದೇ ಜನರದ್ದು ಇನ್ನೊಂದು ಪ್ರಶ್ನೆ. "ಹೊಳೆಯಲ್ಲಿ ನೀರು ಎಷ್ಟಿದೆ?" ನಾನು ಎರಡಕ್ಕೂ ತಿರುಗಿ ಕೇಳುವುದು ಎರಡೇ ಮಾತು. ಎಷ್ಟು ಎತ್ತರದಲ್ಲಿ? ಎಷ್ಟು ಹೊತ್ತಿಗೆ? ಇವನೇನು ದೊಡ್ಡ ಪಂಡಿತನ ಹಾಗೆ ಆಡುತ್ತಾನೆ ಅಂತ ಕೆಲವರು ಬೇಜಾರು ಮಾಡಿಕೊಂಡಿದ್ದಾರೆ. ಆದರೆ ನಿಜವಾಗಿ ಸಿಯೆರಾ ಬೆಟ್ಟಗಳಲ್ಲಿ ಈ ಎರಡು ಗೊತ್ತಿಲ್ಲದೆ "ಎಷ್ಟು" ಅನ್ನುವುದಕ್ಕೆ ಅರ್ಥವೇ ಇಲ್ಲ. ಇವತ್ತು ಅದಿಷ್ಟನ್ನೇ ಹೇಳುತ್ತೇನೆ.

ನಾನು ತೀರ್ಥಹಳ್ಳಿ ಕಡೆಯವನು. ಮಳೆ ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನುವ ಜಂಬ ಇತ್ತು. ನೋಡಿದರೆ ಇಲ್ಲಿಯದೂ ಅದೇ ಕತೆ. ಅರಬ್ಬೀ ಸಮುದ್ರದ ಗಾಳಿ ಬಂದು ಘಟ್ಟಕ್ಕೆ ಡಿಕ್ಕಿ ಹೊಡೆಯುತ್ತದೆ, ಮೇಲೇರುತ್ತದೆ, ತಣ್ಣಗಾಗುತ್ತದೆ, ಆಗುಂಬೆಯಲ್ಲಿ ಸುರಿದುಬಿಡುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರ್ ಮೀರಿದ ಮಳೆ. ಅಲ್ಲಿಂದ ಮೂಡಣಕ್ಕೆ ಚಿತ್ರದುರ್ಗಕ್ಕೆ ಹೋದರೆ ಜನ ಮೋಡ ನೋಡಿ ನಿಟ್ಟುಸಿರು ಬಿಡುತ್ತಾರೆ. ಇಲ್ಲಿ ಅರಬ್ಬೀ ಸಮುದ್ರದ ಬದಲು ಪೆಸಿಫಿಕ್. ಘಟ್ಟದ ಬದಲು ಸುಮಾರು 640 ಕಿಲೋಮೀಟರ್ ಉದ್ದದ ಸಿಯೆರಾ ನೆವಾಡಾ. ಚಿತ್ರದುರ್ಗದ ಜಾಗದಲ್ಲಿ ಬೆಟ್ಟದ ಆಚೆ ಮೂಡಣಕ್ಕಿರುವ ರೀನೋ ಪಟ್ಟಣ. ಬೆಟ್ಟ ದಾಟುವ ಡಾನರ್ ಪಾಸ್‌ನಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ 30 ಅಡಿ ಹಿಮ ಬೀಳುತ್ತದೆ. ಅಲ್ಲಿಂದ ಕಾರಿನಲ್ಲಿ ಗಂಟೆಯೂ ಹಿಡಿಯದ ರೀನೋದಲ್ಲಿ ವರ್ಷಕ್ಕೆಲ್ಲ ಸೇರಿ ಏಳೆಂಟು ಇಂಚು ಮಳೆ ಆದರೆ ಹೆಚ್ಚು.

ಎರಡು ವ್ಯತ್ಯಾಸ ಮಾತ್ರ ಇದೆ. ನಮ್ಮೂರ ಮಳೆಗಾಲ ಜೂನ್‌ನಲ್ಲಿ, ಇಲ್ಲಿಯದು ಚಳಿಗಾಲದಲ್ಲಿ. ಇನ್ನೊಂದು, ನಮ್ಮಲ್ಲಿ ಬಿದ್ದ ನೀರು ಆ ರಾತ್ರಿಯೇ ತುಂಗೆಗೆ ಇಳಿಯುತ್ತದೆ. ಇಲ್ಲಿ ಬಿದ್ದದ್ದು ಬೆಟ್ಟದ ಮೇಲೇ ನಾಲ್ಕೈದು ತಿಂಗಳು ಕೂರುತ್ತದೆ. ಕ್ಯಾಲಿಫೋರ್ನಿಯಾಕ್ಕೆ ಬೇಕಾದ ನೀರಿನಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು ಹೀಗೆ ಬೆಟ್ಟದ ತಲೆಯ ಮೇಲೆ ಕೂತ ಹಿಮದಿಂದಲೇ ಬರುವುದು. ಜನವರಿಯಲ್ಲಿ ನೀವು ಸ್ಕೀ ಹಾಕಿಕೊಂಡು ಜಾರಿದ ಹಿಮದ ಮೇಲೇ ಜೂನ್‌ನಲ್ಲಿ ಹುಟ್ಟು ಹಾಕುತ್ತೀರಿ.

ಈಗ ಆಕಾಶದ ವಿಷಯ. ಟಿವಿಯವರು ಎರಡು ಮಾತಿಗೊಮ್ಮೆ "ಅಟ್ಮಾಸ್ಫಿಯರಿಕ್ ರಿವರ್" ಅನ್ನುತ್ತಾರಲ್ಲ, ಅದು ಸುಮ್ನೆ ಹೆದರಿಸುವ ಮಾತಲ್ಲ. ಕಡಲಿನ ಮೇಲಿಂದ ಉದ್ದಕ್ಕೆ, ಅಗಲ ಕಡಿಮೆಯಾಗಿ ಹರಿದುಬರುವ ನೀರಾವಿಯ ಪಟ್ಟಿ ಅದು. ಆಕಾಶದ ಹೊಳೆ ಅನ್ನಿ. ಬಲವಾದ ಒಂದು ಆಕಾಶದ ಹೊಳೆ ಸಮುದ್ರ ಸೇರುವಲ್ಲಿನ ಮಿಸಿಸಿಪ್ಪಿ ನದಿಗಿಂತ ಎಷ್ಟೋ ಪಟ್ಟು ಜಾಸ್ತಿ ನೀರನ್ನು ಆವಿಯಾಗಿ ಹೊತ್ತು ತರುತ್ತದೆ. ಈ ರಾಜ್ಯದ ವರ್ಷದ ಮಳೆ-ಹಿಮದಲ್ಲಿ ಅರ್ಧದ ಹತ್ತಿರ ಇಂಥ ಕೆಲವೇ ಬಿರುಗಾಳಿಗಳಿಂದ ಬರುತ್ತದೆ. ಕೆಲವು ಹೆಚ್ಚು ಬಂದರೆ ಒಳ್ಳೆಯ ವರ್ಷ, ಕೆಲವು ತಪ್ಪಿದರೆ ಬರಗಾಲ. 2022ರ ಡಿಸೆಂಬರ್ ಕೊನೆಯಿಂದ 2023ರ ಜನವರಿ ಮಧ್ಯದವರೆಗೆ ಒಂದರ ಹಿಂದೆ ಒಂದು ಒಂಬತ್ತು ಬಂದವು. ಆಗ ಇಲ್ಲಿದ್ದವರಿಗೆ ನೆನಪಿರಬೇಕು.

ಆದರೆ ಈ ಹೊಳೆ ಎಲ್ಲಿಂದ ಹರಿದುಬರುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅಲಾಸ್ಕಾ ಕಡೆಯಿಂದ ಇಳಿದರೆ ಅದು ತಣ್ಣನೆಯದು, ನೀರು ಕಡಿಮೆ, ಹಿಮ ಹಗುರ. ಹವಾಯಿ ಕಡೆಯಿಂದ ಬಂದರೆ ಬೆಚ್ಚಗಿರುತ್ತದೆ, ನೀರು ಹೊತ್ತು ತುಂಬಿ ಬಂದಿರುತ್ತದೆ. ಆಗಲೇ ಸ್ನೋ ಲೆವೆಲ್ ಅನ್ನುವ ಮಾತು ಬರುವುದು. ಬೆಟ್ಟದ ಮೇಲೆ ಒಂದು ಗೆರೆ ಎಳೆದ ಹಾಗೆ. ಗೆರೆಯ ಮೇಲೆ ಹಿಮ, ಕೆಳಗೆ ಮಳೆ. ಗಾಳಿಯ ಉಷ್ಣತೆ ಸೊನ್ನೆ ಡಿಗ್ರಿ ಮುಟ್ಟುವ ಎತ್ತರ ಬೇರೆ. ಬೀಳುತ್ತಿರುವ ಹಿಮ ಕರಗಲು ಸ್ವಲ್ಪ ದೂರ ಬೇಕಲ್ಲ, ಹಾಗಾಗಿ ಹಿಮದ ಗೆರೆ ಸಾಮಾನ್ಯವಾಗಿ ಅದಕ್ಕಿಂತ ಸುಮಾರು 1,000 ಅಡಿ ಕೆಳಗಿರುತ್ತದೆ.

ನನಗೆ ಇದು ಗೊತ್ತಾಗಿದ್ದು ದುಡ್ಡು ಕಳೆದುಕೊಂಡ ಮೇಲೆ. ಇಲ್ಲಿಗೆ ಬಂದ ಎರಡನೇ ವರ್ಷ. "ಎರಡು ಅಡಿ ಹೊಸ ಸ್ನೋ" ಅಂತ ಎಲ್ಲೋ ಓದಿ, ಎರಡು ಸಂಸಾರ ಕಟ್ಟಿಕೊಂಡು, ಮುಂಗಡ ದುಡ್ಡು ಕಟ್ಟಿ ಹೊರಟೆ. ರಾತ್ರಿಯಿಡೀ ಛಾವಣಿ ಮೇಲೆ ಸದ್ದು. ಸ್ನೋಗೆ ಸದ್ದು ಇರುವುದಿಲ್ಲ ಅಂತ ಆಗ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ನಮ್ಮೂರ ಆಷಾಢ. ಧೋ ಅಂತ ಮಳೆ. ಮುನ್ಸೂಚನೆ ಸುಳ್ಳಾಗಿರಲಿಲ್ಲ. 8,000 ಅಡಿಯಲ್ಲಿ ಎರಡು ಅಡಿ ಬಿದ್ದಿತ್ತು. ನಾವು 6,200 ಅಡಿಯಲ್ಲಿ ಕೂತಿದ್ದೆವು. ಮೇಲಿನ ಲಿಫ್ಟ್‌ಗಳು ಗಾಳಿಗೆ ನಿಂತಿದ್ದವು. ಮಕ್ಕಳು ಹಿಮದ ಮೇಲೆ ಕೂತು ಜಾರುವ ಪ್ಲಾಸ್ಟಿಕ್ ಸ್ಲೆಡ್ ತಬ್ಬಿಕೊಂಡು ಕಿಟಕಿ ಹತ್ತಿರ ಕೂತಿದ್ದ ಫೋಟೋ ಇನ್ನೂ ಇದೆ. ನನ್ನ ಹೆಂಡತಿ ವರ್ಷಕ್ಕೊಮ್ಮೆ ಅದನ್ನು ತೆಗೆದು ತೋರಿಸುತ್ತಾಳೆ.

ಫೋನಿನಲ್ಲಿರುವ ಹವಾಮಾನದ ಆ್ಯಪ್ ಮಾಡುವ ಮೋಸವೂ ಇದೇ. ಸೌತ್ ಲೇಕ್ ಟಾಹೋ ಅಂತ ಹುಡುಕಿದರೆ ಅದು ಊರಿನ ಉಷ್ಣತೆ ಹೇಳುತ್ತದೆ. ಊರಿರುವುದು ಸರೋವರದ ಮಟ್ಟದಲ್ಲಿ, ಸುಮಾರು 6,200 ಅಡಿ. ಪಕ್ಕದ ಹೆವನ್ಲಿ ಬೆಟ್ಟದ ತುದಿ 10,000 ಅಡಿ. ಪ್ರತಿ 1,000 ಅಡಿಗೆ ಮೂರೂವರೆ ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತದೆ ಅಂತ ಲೆಕ್ಕ ಹಾಕಿದರೆ ಕೆಳಗೆ 36 ಇದ್ದಾಗ ಮೇಲೆ 23 ಇರುತ್ತದೆ. ಅದಕ್ಕೆ ಗಾಳಿ ಬೇರೆ. ದೊಡ್ಡ ಬಿರುಗಾಳಿ ಬಂದ ದಿನ ಬೆಟ್ಟದ ನೆತ್ತಿಯಲ್ಲಿ ಗಂಟೆಗೆ 100 ಮೈಲಿ ಮೀರುವುದು ಇಲ್ಲಿ ಅಪರೂಪವಲ್ಲ. ನ್ಯಾಷನಲ್ ವೆದರ್ ಸರ್ವಿಸ್ ತಾಣದಲ್ಲಿ ನಕಾಶೆ ಇದೆ. ಊರಿನ ಹೆಸರು ಬರೆಯುವುದು ಬಿಟ್ಟು, ನೀವು ಹೋಗುವ ಇಳಿಜಾರಿನ ಮೇಲೇ ಒತ್ತಿ. ಆ ಎತ್ತರದ ಮುನ್ಸೂಚನೆ ಬರುತ್ತದೆ. ಅದರ ಕೆಳಗೆ ಫೋರ್‌ಕಾಸ್ಟ್ ಡಿಸ್ಕಷನ್ ಅಂತ ಒಂದು ಕೊಂಡಿ ಇರುತ್ತದೆ. ರೀನೋ ಕಚೇರಿಯ ಹವಾಮಾನದವರು ತಾವೇ ಕೂತು ಬರೆದ ಟಿಪ್ಪಣಿ ಅದು. ನಮಗೆ ಎಷ್ಟು ನಂಬಿಕೆ ಇದೆ, ಎಲ್ಲಿ ಅನುಮಾನ ಇದೆ, ಸ್ನೋ ಲೆವೆಲ್ ಯಾವ ಹೊತ್ತಿಗೆ ಇಳಿಯಬಹುದು ಅಂತ ಬಿಡಿಸಿ ಹೇಳುತ್ತಾರೆ. ಮೋಡದ ಚಿತ್ರ ಹತ್ತು ನೋಡುವುದಕ್ಕಿಂತ ಅದೊಂದು ಓದಿ.

ಇನ್ನು ಹಿಮದ ಜಾತಿ. ಯೂಟಾದಲ್ಲಿ ಬೀಳುವುದು ಮಂಡಕ್ಕಿ. ಊದಿದರೆ ಹಾರುತ್ತದೆ. ನಮ್ಮ ಸಿಯೆರಾದ್ದು ನೆನೆಸಿದ ಅವಲಕ್ಕಿ. ಇಲ್ಲಿಯ ಸ್ಕೀ ಜನ ಅದಕ್ಕೆ ಸಿಯೆರಾ ಸಿಮೆಂಟ್ ಅಂತಲೇ ಹೆಸರಿಟ್ಟಿದ್ದಾರೆ. ಸಮುದ್ರ ಹತ್ತಿರ, ಗಾಳಿ ಅಷ್ಟು ತಣ್ಣಗಿರುವುದಿಲ್ಲ, ಹಾಗಾಗಿ ಭಾರ. ಹಗುರ ಹಿಮ ಹತ್ತು-ಹದಿನೈದು ಇಂಚು ಕರಗಿಸಿದರೆ ಒಂದು ಇಂಚು ನೀರು. ಇಲ್ಲಿಯ ಒದ್ದೆ ಹಿಮವಾದರೆ ಆರೇಳು ಇಂಚು ಸಾಕು. ಅಂಗಳದ ಹಿಮ ಸಲಿಕೆಯಲ್ಲಿ ಎತ್ತಿ ಹಾಕಿ ನೋಡಿ, ಸೊಂಟವೇ ಹೇಳುತ್ತದೆ.

ಇಲ್ಲಿ ಒಬ್ಬ ಮೇಷ್ಟರ ಕತೆ ಹೇಳಲೇಬೇಕು. ಜೇಮ್ಸ್ ಚರ್ಚ್ ಅಂತ. ರೀನೋದ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಪಾಠ ಮಾಡುತ್ತಿದ್ದವರು. ಚಳಿಗಾಲದಲ್ಲಿ ಮೌಂಟ್ ರೋಸ್ ಬೆಟ್ಟ ಹತ್ತುವ ಹುಚ್ಚು. 1905ರ ಹೊತ್ತಿಗೆ ಅದರ ತುದಿಯಲ್ಲಿ, 10,776 ಅಡಿ ಮೇಲೆ, ಹವಾಮಾನ ಅಳೆಯುವ ಗೂಡು ಕಟ್ಟಿದರು. ಆಗ ಟಾಹೋ ಸರೋವರದ ನೀರಿಗಾಗಿ ಸುತ್ತಲಿನವರಲ್ಲಿ ಜಗಳ. ವಸಂತದಲ್ಲಿ ಎಷ್ಟು ನೀರು ಬರುತ್ತದೆ ಅಂತ ಮುಂಚೆಯೇ ಗೊತ್ತಾದರೆ ಜಗಳ ಕಡಿಮೆಯಾಗುತ್ತದೆ ಅಂತ ಅವರಿಗೆ ಹೊಳೆಯಿತು. ಹಿಮದ ಆಳ ಅಳೆದರೆ ಏನೂ ತಿಳಿಯುವುದಿಲ್ಲ, ಅದರೊಳಗಿನ ನೀರು ಅಳೆಯಬೇಕು. ಅದಕ್ಕೆ ಅವರು ಮಾಡಿದ ಉಪಾಯ ಬಹಳ ಸರಳ. ತುದಿಯಲ್ಲಿ ಹಲ್ಲಿರುವ ಒಂದು ಲೋಹದ ಕೊಳವೆ. ಅದನ್ನು ನೆಲ ಮುಟ್ಟುವವರೆಗೆ ಹಿಮದೊಳಗೆ ಇಳಿಸಿ, ತುಂಬಿದ ಕೊಳವೆಯನ್ನು ತಕ್ಕಡಿಗೆ ತೂಗುಹಾಕುವುದು. ತೂಕ ಗೊತ್ತಾದರೆ ನೀರು ಗೊತ್ತಾಯಿತು. ನಮ್ಮೂರಲ್ಲಿ ಮೂಟೆಗೆ ಬಂಬು ಚುಚ್ಚಿ ಅಕ್ಕಿ ತೆಗೆದು ನೋಡುತ್ತಿದ್ದರಲ್ಲ, ಹಾಗೆ. ನೂರು ವರ್ಷ ದಾಟಿದರೂ ಇವತ್ತಿಗೂ ಅದೇ ನಮೂನೆ ಕೊಳವೆ ಬಳಸುತ್ತಾರೆ. ಲ್ಯಾಟಿನ್ ಮೇಷ್ಟರು ಮಾಡಿದ್ದು!

ಹೈವೇ 50ರಲ್ಲಿ ಹೋದರೆ ಫಿಲಿಪ್ಸ್ ಸ್ಟೇಷನ್ ಅಂತ ಒಂದು ಜಾಗ ಸಿಗುತ್ತದೆ. ಪ್ರತಿ ಚಳಿಗಾಲ ರಾಜ್ಯದ ಜಲ ಇಲಾಖೆಯವರು ಅಲ್ಲಿಗೆ ಪತ್ರಕರ್ತರನ್ನು ಕರೆದುಕೊಂಡು ಹೋಗಿ ಈ ಕೊಳವೆ ಚುಚ್ಚಿ ತೋರಿಸುತ್ತಾರೆ. ಏಪ್ರಿಲ್ 1ರ ಅಳತೆ ಮುಖ್ಯ, ಯಾಕೆಂದರೆ ಹಿಮ ಅತಿ ಹೆಚ್ಚು ಕೂಡಿರುವುದು ಸಾಮಾನ್ಯವಾಗಿ ಆ ಹೊತ್ತಿಗೆ. 2015ರ ಏಪ್ರಿಲ್ 1ರಂದು ಆಗಿನ ಗವರ್ನರ್ ಜೆರಿ ಬ್ರೌನ್ ಅಲ್ಲಿ ಬಂದು ನಿಂತಾಗ ಕಾಲ ಕೆಳಗಿದ್ದದ್ದು ಒಣ ಹುಲ್ಲು. ರಾಜ್ಯದ ಹಿಮ ಸರಾಸರಿಯ ನೂರಕ್ಕೆ 5 ಪಾಲು ಇತ್ತು. ಎಂಟು ವರ್ಷ ಬಿಟ್ಟು, 2023ರ ಏಪ್ರಿಲ್ 3ರಂದು ಅದೇ ಬಯಲಿನಲ್ಲಿ ಹಿಮದ ಆಳ 126.5 ಇಂಚು. ಅಂದರೆ ಹತ್ತೂವರೆ ಅಡಿ. ಅದರೊಳಗಿನ ನೀರು 54 ಇಂಚು. ರಾಜ್ಯದ ಲೆಕ್ಕ ಸರಾಸರಿಯ ನೂರಕ್ಕೆ 237 ಪಾಲು. ಒಂದೇ ಜಾಗ, ಒಂದೇ ವಾರ, ಇಷ್ಟು ಅಂತರ. ಸರಾಸರಿ ಅನ್ನುವುದನ್ನು ನಂಬಿ ಇಲ್ಲಿ ಯಾರೂ ಪ್ರವಾಸದ ಟಿಕೆಟ್ ತೆಗೆಯಬಾರದು.

ಹಿಮಕುಸಿತದ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮವರಲ್ಲಿ ಸ್ನೋಶೂ ಹಾಕಿಕೊಂಡು ನಡೆಯಲು ಹೋಗುವವರು ಈಗ ಬಹಳ. ರೆಸಾರ್ಟಿನ ಹಗ್ಗ ದಾಟಿ ಆ ಕಡೆ ಸ್ಕೀ ಮಾಡುವ ಹುಡುಗರೂ ಇದ್ದಾರೆ.

ಬೆಟ್ಟದ ಮೇಲಿನ ಹಿಮ ಒಂದೇ ಮುದ್ದೆ ಅಲ್ಲ. ಚಿರೋಟಿ ಇದ್ದ ಹಾಗೆ ಪದರ ಪದರ. ಒಂದೊಂದು ಬಿರುಗಾಳಿಗೆ ಒಂದೊಂದು ಪದರ. ನಡುವೆ ನಾಲ್ಕು ದಿನ ಬಿಸಿಲು, ತಣ್ಣನೆಯ ರಾತ್ರಿ ಬಂದರೆ ಮೇಲ್ಮೈಯಲ್ಲಿ ಗಾಳಿಯ ನೀರಾವಿ ನೇರವಾಗಿ ಹೆಪ್ಪುಗಟ್ಟಿ ಗರಿಗರಿಯಾದ ಹರಳು ಬೆಳೆಯುತ್ತದೆ. ಇಲ್ಲವೇ ಒಳಗಿನ ಹಿಮ ಸಕ್ಕರೆಯಂತೆ ಬಿಡಿಬಿಡಿಯಾಗುತ್ತದೆ. ನೋಡಲು ಚೆಂದ. ಅದರ ಮೇಲೆ ಮುಂದಿನ ಬಿರುಗಾಳಿಯ ಎರಡು ಅಡಿ ಭಾರದ ಹಿಮ ಕೂತಾಗ ಅಡಿಪಾಯವೇ ಗಟ್ಟಿಯಿಲ್ಲ. ಒಬ್ಬ ಮನುಷ್ಯನ ತೂಕ ಬಿದ್ದರೆ ಸಾಕು, ಮೇಲಿನ ಪದರವೇ ಹಲಗೆಯ ಹಾಗೆ ಇಡಿಯಾಗಿ ಜಾರುತ್ತದೆ. ಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ಕೀ ಮಾಡಲು ಮಜಾ ಬರುವುದೂ ಅಲ್ಲೇ, ಅದೇ ಕಷ್ಟ.

ಗಾಳಿಯದ್ದು ಇನ್ನೊಂದು ಆಟ. ಇಲ್ಲಿ ಬಿರುಗಾಳಿ ಬೀಸುವುದು ಹೆಚ್ಚಾಗಿ ನೈಋತ್ಯದಿಂದ. ಬೆಟ್ಟದ ಆ ಮುಖದ ಹಿಮವನ್ನು ಗುಡಿಸಿ, ನೆತ್ತಿ ದಾಟಿಸಿ, ಈಶಾನ್ಯದ ಮುಖಕ್ಕೆ ತಂದು ಹಾಕುತ್ತದೆ. ಆಕಾಶದಿಂದ ಬೀಳುವುದಕ್ಕಿಂತ ಎಷ್ಟೋ ಬೇಗ ಗಾಳಿ ಹಿಮ ಗುಡ್ಡೆ ಹಾಕಬಲ್ಲದು. "ರಾತ್ರಿ ಆರು ಇಂಚು ಬಿದ್ದಿದೆ" ಅನ್ನುವ ದಿನ ಆ ಮುಖದಲ್ಲಿ ಮೂರು ಅಡಿ ಕೂತಿರಬಹುದು. ಹಾಗಾಗಿ ಎತ್ತರ, ಹೊತ್ತು ಅಂತ ಹೇಳಿದೆನಲ್ಲ, ಬೆಟ್ಟದಲ್ಲಿ ಅದಕ್ಕೆ ದಿಕ್ಕನ್ನೂ ಸೇರಿಸಿ.

1982ರ ಮಾರ್ಚ್ 31ರಂದು ಆಲ್ಪೈನ್ ಮೆಡೋಸ್ ಅನ್ನುವ ಸ್ಕೀ ರೆಸಾರ್ಟಿನಲ್ಲಿ ಕುಸಿತ ಆದದ್ದು ಸ್ಕೀ ಮಾಡುವ ಇಳಿಜಾರಿನಲ್ಲಿ ಮಾತ್ರ ಅಲ್ಲ. ದಿನಗಟ್ಟಲೆ ಸುರಿದ ಹಿಮ, ಅಪಾಯ ಅಂತ ರೆಸಾರ್ಟ್ ಮುಚ್ಚಿದ್ದರು. ಕುಸಿತ ಕೆಳಗೆ ಕಟ್ಟಡದವರೆಗೆ, ಕಾರು ನಿಲ್ಲಿಸುವ ಜಾಗದವರೆಗೆ ಬಂತು. ಏಳು ಜನ ಸತ್ತರು. 2024ರ ಜನವರಿ 10ರಂದು ಪ್ಯಾಲಿಸೇಡ್ಸ್ ಟಾಹೋದಲ್ಲಿ, ಕೆಟಿ-22 ಲಿಫ್ಟ್ ಆ ಸಲದ ಚಳಿಗಾಲಕ್ಕೆ ತೆರೆದ ಮೊದಲ ದಿನವೇ ಕುಸಿತವಾಗಿ ಒಬ್ಬರು ಹೋದರು. ಅದು ರೆಸಾರ್ಟಿನ ಒಳಗೆ. ಹೊರಗಂತೂ ನೋಡಿಕೊಳ್ಳುವವರು ಯಾರೂ ಇಲ್ಲ.

ಟ್ರಕ್ಕಿಯಲ್ಲಿ ಸಿಯೆರಾ ಅವಲಾಂಚ್ ಸೆಂಟರ್ ಇದೆ. ಚಳಿಗಾಲದಲ್ಲಿ ಪ್ರತಿ ಬೆಳಿಗ್ಗೆ ವರದಿ ಹಾಕುತ್ತಾರೆ. ಅಪಾಯಕ್ಕೆ ಐದು ಮಟ್ಟ. ಲೋ, ಮಾಡರೇಟ್, ಕನ್ಸಿಡರಬಲ್, ಹೈ, ಎಕ್ಸ್‌ಟ್ರೀಮ್. ಜನ ಮೂರನೆಯದನ್ನು "ಮಧ್ಯಮ, ಪರವಾಗಿಲ್ಲ" ಅಂತ ಓದುತ್ತಾರೆ. ಶಾಲೆಯಲ್ಲಿ ಐದಕ್ಕೆ ಮೂರು ಬಂದರೆ ಪಾಸ್ ಅಲ್ವಾ, ಆ ಅಭ್ಯಾಸ. ನಾಲ್ಕು-ಐದು ಇದ್ದ ದಿನ ಯಾರೂ ಹೊರಡುವುದಿಲ್ಲ. ಮೂರು ಇದ್ದ ದಿನ ಬಿಸಿಲಿರುತ್ತದೆ, ಹೊಸ ಹಿಮ ಹೊಳೆಯುತ್ತಿರುತ್ತದೆ, ಎಲ್ಲರೂ ಹೊರಡುತ್ತಾರೆ. ಸಾವುಗಳಲ್ಲಿ ದೊಡ್ಡ ಪಾಲು ಆ ಮೂರರ ದಿನಗಳದ್ದು.

ಹೂತುಹೋದವರನ್ನು ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆ ಆದರೆ ಮೂರರಲ್ಲಿ ಒಬ್ಬರು ಉಳಿದರೆ ಪುಣ್ಯ. ಹೆಲಿಕಾಪ್ಟರ್ ಹತ್ತು ನಿಮಿಷದಲ್ಲಿ ಬರುವುದಿಲ್ಲ. ತೆಗೆಯಬೇಕಾದವರು ಜೊತೆಗಿದ್ದವರೇ. ಅದಕ್ಕೇ ಬೀಕನ್ (ಹೂತವರ ಜಾಗ ತೋರಿಸುವ ರೇಡಿಯೋ), ಸಲಿಕೆ, ಹಿಮ ಚುಚ್ಚಿ ಹುಡುಕುವ ಉದ್ದ ಕೋಲು ಮೂರೂ ಪ್ರತಿಯೊಬ್ಬರ ಹತ್ತಿರ ಇರಬೇಕು, ಬಳಸಿ ರೂಢಿಯೂ ಇರಬೇಕು. ಅಮೆಜಾನ್ ಡಬ್ಬಿಯಿಂದ ಅವತ್ತೇ ತೆಗೆದ ಬೀಕನ್ ಸುಮ್ನೆ ಭಾರ.

ರಸ್ತೆಯ ಬಗ್ಗೆ ಎರಡೇ ಮಾತು. ಆರ್-2 ಅಂತ ಬೋರ್ಡ್ ಹಾಕಿದರೆ, ನಾಲ್ಕೂ ಚಕ್ರಕ್ಕೆ ಹಿಮದ ಟೈರ್ ಇರುವ ಫೋರ್-ವೀಲ್ ಡ್ರೈವ್ ಬಿಟ್ಟು ಉಳಿದೆಲ್ಲ ಗಾಡಿಗೂ ಚಕ್ರಕ್ಕೆ ಸುತ್ತುವ ಚೈನ್ ಬೇಕು. ಚೈನ್ ಹಾಕುವುದನ್ನು ಮನೆ ಮುಂದೆ ಒಮ್ಮೆ ಕಲಿತು ಹೋಗಿ, ಡಾನರ್ ಪಾಸ್ ಹತ್ತುವ ಐ-80 ದಾರಿಯಲ್ಲಿ ಕೊಲ್‌ಫ್ಯಾಕ್ಸ್ ಊರು ದಾಟಿ ಕತ್ತಲಲ್ಲಿ ಕಲಿಯಬೇಡಿ. 1952ರ ಜನವರಿಯಲ್ಲಿ ಇದೇ ದಾರಿಯ ಪಕ್ಕದ ರೈಲು ಹಳಿಯಲ್ಲಿ ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೋ ಅನ್ನುವ ಐಷಾರಾಮಿ ರೈಲೇ 226 ಜನರ ಸಮೇತ ಮೂರು ದಿನ ಹಿಮದಲ್ಲಿ ಸಿಕ್ಕಿಹಾಕಿಕೊಂಡಿತ್ತು. ನಮ್ಮ ಟೊಯೋಟಾ ಯಾವ ಲೆಕ್ಕ?

ಮಾರ್ಚ್ ಕೊನೆಗೆ ಬಂದರೆ ಎತ್ತರಕ್ಕಿಂತ ಹೊತ್ತು ದೊಡ್ಡದಾಗುತ್ತದೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ, ಹೀಗೆ ಹತ್ತು ಹದಿನೈದು ದಿನ ಆದಾಗ ಹಿಮ ದಪ್ಪ ರವೆಯ ಹಾಗಾಗುತ್ತದೆ. ಇವರು ಅದಕ್ಕೆ ಕಾರ್ನ್ ಅನ್ನುತ್ತಾರೆ. ಬೆಳಿಗ್ಗೆ ಎಂಟಕ್ಕೆ ಅದು ಗಾಜು, ಬಿದ್ದರೆ ಮೂಳೆ. ಹತ್ತು ಗಂಟೆಗೆ ಮೇಲಿನ ಒಂದು ಇಂಚು ಮೆತ್ತಗಾಗುತ್ತದೆ. ಬೆಣ್ಣೆ ಮೇಲೆ ಚಾಕು ಹೋದ ಹಾಗೆ. ಹನ್ನೆರಡು ದಾಟಿದರೆ ಮೊಣಕಾಲುದ್ದ ಗಂಜಿ, ಇಳಿಜಾರಿನಲ್ಲಿ ಒದ್ದೆ ಕುಸಿತದ ಭಯ ಬೇರೆ. ಪೂರ್ವದ ಮುಖಕ್ಕೆ ಬಿಸಿಲು ಮೊದಲು, ಆಮೇಲೆ ದಕ್ಷಿಣ, ಕೊನೆಗೆ ಪಡುವಣ. ಗೊತ್ತಿರುವವರು ಬಿಸಿಲಿನ ಹಿಂದೆಯೇ ಬೆಟ್ಟ ಸುತ್ತುತ್ತಾರೆ. ರಾತ್ರಿ ಮೋಡ ಮುಚ್ಚಿ ಹೆಪ್ಪುಗಟ್ಟದೇ ಹೋದರೆ ಅವತ್ತು ಕಾಫಿ ಕುಡಿದು ಮಲಗುತ್ತಾರೆ.

ಆ ಗಂಜಿಯೇ ಈಗ ಹೊಳೆಗೆ ಬಂತು.

ಇಲ್ಲಿ ಎರಡು ತರದ ಹೊಳೆ. ಮೇಲೆ ಅಣೆಕಟ್ಟು ಇರುವುದು, ಇಲ್ಲದಿರುವುದು. ದಾಂಡೇಲಿ ಹತ್ತಿರ ಗಣೇಶಗುಡಿಯಲ್ಲಿ ಕಾಳಿ ನದಿಯಲ್ಲಿ ರ‍್ಯಾಫ್ಟ್ ಮಾಡಿದವರಿಗೆ ಮೊದಲನೆಯದು ಗೊತ್ತು. ಮೇಲಿನ ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗೆ ನೀರು ಬಿಟ್ಟರೆ ಹೊಳೆ, ಬಿಡದಿದ್ದರೆ ಬಂಡೆ. ಇಲ್ಲಿಯ ಸೌತ್ ಫೋರ್ಕ್ ಅಮೆರಿಕನ್ ಹೊಳೆಯೂ ಹಾಗೇ. 1848ರಲ್ಲಿ ಚಿನ್ನ ಸಿಕ್ಕಿ ಇಡೀ ಕ್ಯಾಲಿಫೋರ್ನಿಯಾದ ಹಣೆಬರಹ ಬದಲಾದ ಕೊಲೋಮಾ ಅದರ ದಂಡೆಯಲ್ಲೇ ಇದೆ. ಬೇಸಿಗೆಯಲ್ಲಿ ಅದರ ನೀರು ಜಲವಿದ್ಯುತ್ತಿನವರ ಕೈಯಲ್ಲಿ. ಬೆಳಿಗ್ಗೆ ಚಿಲಿ ಬಾರ್ ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ಕೆಲವು ಗಂಟೆ ಬಿಟ್ಟು ನಿಲ್ಲಿಸುತ್ತಾರೆ. ಆ ನೀರು ಒಂದು ಉದ್ದನೆಯ ಗುಳ್ಳೆಯ ಹಾಗೆ ಕೆಳಗೆ ಸಾಗುತ್ತದೆ. ನೀವು ಗುಳ್ಳೆಯ ಒಳಗೆ ಇರಬೇಕು.

ನಾವೊಮ್ಮೆ ಇರಲಿಲ್ಲ. ಸ್ವಂತ ರ‍್ಯಾಫ್ಟ್, ಐದು ಜನ. ಹೊರಟದ್ದೇ ತಡ. ಮಧ್ಯದಲ್ಲಿ ಮರಳು ದಂಡೆ ಸಿಕ್ಕಿತು, ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಚಿತ್ರಾನ್ನ ಆದ ಮೇಲೆ ಮೊಸರನ್ನ. ಮೊಸರನ್ನ ಆದ ಮೇಲೆ ಒಬ್ಬರಿಗೆ ಸಣ್ಣ ನಿದ್ದೆ. ಎದ್ದು ನೋಡಿದರೆ ರ‍್ಯಾಫ್ಟ್ ನೀರಿನಿಂದ ನಾಲ್ಕು ಮಾರು ದೂರ ಕಲ್ಲಿನ ಮೇಲೆ ಕೂತಿದೆ. ಯಾರೋ ಎಳೆದು ಇಟ್ಟಿದ್ದಾರೆ ಅಂದುಕೊಂಡೆವು. ರ‍್ಯಾಫ್ಟ್ ಅಲ್ಲೇ ಇತ್ತು, ಹೊಳೆಯೇ ಹೋಗಿತ್ತು. ಕೊನೆಯ ನಾಲ್ಕು ಮೈಲಿ ಹುಟ್ಟು ಹಾಕಿದ್ದಕ್ಕಿಂತ ರ‍್ಯಾಫ್ಟ್ ಹೊತ್ತದ್ದೇ ಜಾಸ್ತಿ. ನನ್ನ ಬೆನ್ನು ಇನ್ನೂ ಮರೆತಿಲ್ಲ.

ಅಣೆಕಟ್ಟಿಲ್ಲದ ಹೊಳೆಯಲ್ಲಿ ಗಡಿಯಾರ ಬೇರೆ. ಯೊಸೆಮಿಟಿಯಿಂದ ಇಳಿಯುವ ಮರ್ಸೆಡ್ ನೋಡಿ. ಏಪ್ರಿಲ್‌ನಿಂದ ಜೂನ್‌ವರೆಗೆ ಅದರ ನೀರು ಪೂರ್ತಿ ಹಿಮದ ಮರ್ಜಿ. 9,000 ಅಡಿ ಮೇಲೆ ಹಿಮ ಜೋರಾಗಿ ಕರಗುವುದು ಮಧ್ಯಾಹ್ನ ಎರಡು-ಮೂರು ಗಂಟೆಗೆ. ಅದು ಸಣ್ಣ ತೊರೆಗಳನ್ನು ಸೇರಿ, ಬಂಡೆ ಇಳಿದು ಕಣಿವೆಗೆ ಬರುವ ಹೊತ್ತಿಗೆ ರಾತ್ರಿ. ಇನ್ನೂ ಕೆಳಗೆ ನಿಮ್ಮ ಟೆಂಟ್ ಹತ್ತಿರ ಬರುವುದು ನಡುರಾತ್ರಿ ದಾಟಿ. ಮಳೆಯೇ ಇಲ್ಲ, ಆಕಾಶದ ತುಂಬ ನಕ್ಷತ್ರ, ಆದರೂ ಹೊಳೆ ಏರುತ್ತದೆ. ಸಂಜೆ ದಂಡೆಯಲ್ಲಿ ಎಳೆದು ಬಿಟ್ಟ ದೋಣಿ ಬೆಳಿಗ್ಗೆ ಇರುವುದಿಲ್ಲ. ನಮ್ಮ ಕಡೆ ಹಳಬರು ಮೇಲೆ ಕುದುರೆಮುಖದ ಕಡೆ ಕಪ್ಪಾದರೆ ಹೊಳೆ ದಾಟಬೇಡ ಅನ್ನುತ್ತಿದ್ದರು. ಇಲ್ಲಿ ಮೇಲೆ ಬಿಸಿಲಾದರೂ ಅದೇ ಮಾತು.

ಹೊಳೆಯ ನೀರನ್ನು ಇಲ್ಲಿ ಸಿಎಫ್‌ಎಸ್ ಅಂತ ಅಳೆಯುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಕಾವೇರಿ ಸುದ್ದಿ ಬಂದಾಗ ಕ್ಯೂಸೆಕ್ ಅನ್ನುತ್ತಾರಲ್ಲ, ಅದೇ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಸೌತ್ ಫೋರ್ಕ್ 1,500 ಕ್ಯೂಸೆಕ್ ಇದ್ದರೆ ಕ್ಲಾಸ್ 3, ಅಂದರೆ ಮಧ್ಯಮ ಕಷ್ಟದ್ದು, ನಗುತ್ತಾ ಹೋಗುವ ಹೊಳೆ. 5,000 ದಾಟಿದರೆ ಹೆಸರು ಮಾತ್ರ ಅದೇ. ಬಿದ್ದವರು ತಂಗಿ ನಿಲ್ಲುತ್ತಿದ್ದ ಮಡುಗಳು ಮಾಯ, ದಂಡೆಯ ಮರಗಳು ನೀರಿನ ಒಳಗೆ. ನೀರಲ್ಲಿ ಬಿದ್ದ ಮರ ಟೀ ಜರಡಿ ಇದ್ದ ಹಾಗೆ. ನೀರು ತೂರಿ ಹೋಗುತ್ತದೆ, ಮನುಷ್ಯ ಒತ್ತಿಕೊಂಡು ಅಲ್ಲೇ ಉಳಿಯುತ್ತಾನೆ. ಹೊರಡುವ ದಿನ ಬೆಳಿಗ್ಗೆ ಆ ಅಂಕಿ ನೋಡಿ. ಅಂಕಿ ಮಾತ್ರ ನೋಡಿದರೆ ಸಾಲದು, ಏರುತ್ತಿದೆಯೋ ಇಳಿಯುತ್ತಿದೆಯೋ ಅದನ್ನೂ ನೋಡಿ.

ಇನ್ನೊಂದು ವಿಷಯ ನಮ್ಮವರಿಗೇ ವಿಶೇಷವಾಗಿ ಹೇಳಬೇಕು. ನಾವು ಊರಲ್ಲಿ ಹೊಳೆ ಈಜಿದವರು. ತುಂಗೆ, ಶರಾವತಿ, ನೇತ್ರಾವತಿ, ಯಾವುದೋ ಒಂದು. ಆ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೇ ಕೊನೆಯ ಮೆಮೋರಿಯಲ್ ಡೇ ರಜೆಯಲ್ಲಿ ಕಣಿವೆಯಲ್ಲಿ ಗಾಳಿ 90 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ಬೆವರು ಸುರಿಯುತ್ತದೆ, ನೀರು ಕರೆಯುತ್ತದೆ. ಆ ನೀರು ನಿನ್ನೆ ಸಂಜೆ ಹಿಮವಾಗಿತ್ತು. 50 ಡಿಗ್ರಿಯೂ ಇರುವುದಿಲ್ಲ. ಬಿದ್ದ ಕೂಡಲೇ ಉಸಿರು ತಾನಾಗಿ ಒಳಗೆ ಎಳೆಯುತ್ತದೆ. ಆಗ ಬಾಯಿ ನೀರಿನಲ್ಲಿದ್ದರೆ ಮುಗಿಯಿತು. ಇಲ್ಲಿ ಕಲಿಸುವ ಲೆಕ್ಕ 1-10-1. ಉಸಿರು ಹಿಡಿತಕ್ಕೆ ಬರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಎಚ್ಚರ ಇರುವುದು ಒಂದು ಗಂಟೆ. ಎಂಥ ಈಜುಗಾರನಿಗೂ ಈ ಮಧ್ಯದ ಹತ್ತೇ. ಅದಾದ ಮೇಲೆ ಲೈಫ್ ಜಾಕೆಟ್ ಇದ್ದವರು ತೇಲುತ್ತಾರೆ. ಬಿದ್ದರೆ ಬೆನ್ನ ಮೇಲೆ ಮಲಗಿ, ಕಾಲು ಹೊಳೆ ಹರಿಯುವ ಕಡೆಗೆ, ಪಾದ ಮೇಲೆ. ಸೆಳವಿನಲ್ಲಿ ಎದ್ದು ನಿಲ್ಲಲು ಹೋಗಬೇಡಿ. ಕಾಲು ಕಲ್ಲಿನ ಸಂದಿಗೆ ಸಿಕ್ಕರೆ ನೀರು ನಿಮ್ಮನ್ನು ಮುಂದಕ್ಕೆ ಮಡಚಿಬಿಡುತ್ತದೆ.

ದಕ್ಷಿಣಕ್ಕೆ ಬೇಕರ್ಸ್‌ಫೀಲ್ಡ್ ಹತ್ತಿರ ಕರ್ನ್ ಕಣಿವೆಯ ಬಾಯಲ್ಲಿ ಒಂದು ಬೋರ್ಡ್ ಇದೆ. 1968ರಿಂದ ಈಚೆಗೆ ಈ ಹೊಳೆಯಲ್ಲಿ ಹೋದ ಜೀವಗಳ ಸಂಖ್ಯೆ ಬರೆದಿರುತ್ತಾರೆ. ಮುನ್ನೂರು ಯಾವಾಗಲೋ ದಾಟಿದೆ. ಸಂಖ್ಯೆಯ ಹಲಗೆ ಬದಲಾಯಿಸಲು ಬರುವ ಹಾಗೆ ಮಾಡಿದ್ದಾರೆ. ನನಗೆ ಆ ಬೋರ್ಡಿಗಿಂತ ಆ ಏರ್ಪಾಡು ನೋಡಿ ಹೊಟ್ಟೆ ತೊಳಸಿತು.

ಸ್ಕೀ ಮಾಡುವವರ ಲೆಕ್ಕ, ದೋಣಿಯವರ ಲೆಕ್ಕ ಎರಡೂ ಒಂದೇ ದಿನ ಡಿಕ್ಕಿ ಹೊಡೆದದ್ದು 1997ರ ಹೊಸ ವರ್ಷಕ್ಕೆ. ಡಿಸೆಂಬರ್‌ನಲ್ಲಿ ಚೆನ್ನಾಗಿ ಹಿಮ ಬಿದ್ದಿತ್ತು, ಎಲ್ಲರಿಗೂ ಖುಷಿ. ಆಮೇಲೆ ಹವಾಯಿ ಕಡೆಯ ಬೆಚ್ಚನೆಯ ಆಕಾಶದ ಹೊಳೆ ಬಂತು. ಹಿಮದ ಗೆರೆ ಶಿಖರಗಳ ಹತ್ತಿರಕ್ಕೆ ಏರಿತು. ಹಿಮದ ಮೇಲೇ ಮಳೆ. ಬಿದ್ದ ಮಳೆಯೂ ಇಳಿಯಿತು, ಕೂತಿದ್ದ ಹಿಮವೂ ಅದರ ಜೊತೆ ಇಳಿಯಿತು. ಸಾಮಾನ್ಯ ಬಿರುಗಾಳಿಯಲ್ಲಿ ಬೆಟ್ಟದ ಕೆಳಗಿನ ಭಾಗದ ನೀರು ಮಾತ್ರ ಹೊಳೆಗೆ ಬರುತ್ತದೆ, ಮೇಲಿನದು ಹಿಮವಾಗಿ ನಿಲ್ಲುತ್ತದೆ. ಅವತ್ತು ಇಡೀ ಬೆಟ್ಟವೇ ಹೊಳೆಗೆ ಬಂತು. ಯೊಸೆಮಿಟಿ ಕಣಿವೆ ಮುಳುಗಿ ಎರಡು ತಿಂಗಳಿಗೂ ಹೆಚ್ಚು ಮುಚ್ಚಿತ್ತು. ಟ್ರಕ್ಕಿ ಹೊಳೆ ರೀನೋ ಪೇಟೆಯೊಳಗೆ ನುಗ್ಗಿತು. ಲೋಕ ಬಿಸಿಯಾದಷ್ಟೂ ಆ ಗೆರೆ ಮೇಲೇರುತ್ತದೆ. ಹಿಮವಾಗಿ ಕೂರಬೇಕಿದ್ದ ನೀರು ಇನ್ನಷ್ಟು ಸಲ ಮಳೆಯಾಗಿ ಇಳಿದುಬಿಡುತ್ತದೆ. ಕೆಳಗಿನ ಎತ್ತರದ ಸ್ಕೀ ರೆಸಾರ್ಟುಗಳಿಗೆ ಇದರ ಬಿಸಿ ಈಗಲೇ ತಟ್ಟಿದೆ.

ಕೊನೆಯಲ್ಲಿ ಕೆಲವರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಹಾಕುತ್ತೇನೆ.

ಹಿಂದಿನ ಸಾಲಿನಿಂದ ಒಬ್ಬರು ಹಿರಿಯರು, ಮಗನ ಮನೆಗೆ ಆರು ತಿಂಗಳಿಗೆ ಬಂದವರು, ಕೇಳಿದರು. "ನಮಗೆ ಸ್ಕೀ ಗೀ ಏನೂ ಬೇಡಪ್ಪ. ಹಿಮ ಕೈಯಲ್ಲಿ ಮುಟ್ಟಿ ನೋಡಬೇಕು ಅಷ್ಟೇ. ಯಾವಾಗ ಹೋಗೋಣ?" ನಾನು ಹೇಳಿದೆ, ಬಿರುಗಾಳಿ ಮುಗಿದ ಮಾರನೆಯ ದಿನ ಬೇಡ ಸರ್, ರಸ್ತೆ ತುಂಬ ಗಾಡಿ. ಎರಡು ದಿನ ಬಿಟ್ಟು, ವಾರದ ಮಧ್ಯೆ ಹೋಗಿ. ಗಟ್ಟಿ ತಳದ ಬೂಟು ಹಾಕಿಕೊಳ್ಳಿ. ದೊಡ್ಡ ಮರದ ಬುಡಕ್ಕೆ ಮಾತ್ರ ಹೋಗಬೇಡಿ, ಕೊಂಬೆಯ ಕೆಳಗೆ ಹಿಮ ಗಟ್ಟಿಯಾಗದೆ ಬಾವಿಯಂತೆ ಪೊಳ್ಳು ಇರುತ್ತದೆ.

ಮುಂದೆ ಕೂತಿದ್ದ ಒಬ್ಬ ಹುಡುಗಿ, ಒಂಬತ್ತೋ ಹತ್ತೋ ವರ್ಷ, ಕೈ ಎತ್ತಿದಳು. "ಅಂಕಲ್, ಆ ಫೋಟೋದಲ್ಲಿ ಸ್ಲೆಡ್ ಹಿಡ್ಕೊಂಡಿದ್ದ ಮಕ್ಕಳು ಆಮೇಲೆ ಏನ್ ಮಾಡಿದ್ರು?"

ಮೋಟೆಲಿನ ಮೆಟ್ಟಿಲ ಮೇಲೆ ಹಾಸಿಗೆಯ ಚಾದರ ಹಾಸಿ ಸ್ಲೆಡ್ ಇಳಿಸಿದರು. ಮೂರನೇ ಸಲಕ್ಕೆ ಮ್ಯಾನೇಜರ್ ಬಂದ.